ವೀರಪ್ಪನವರು ಕುಡಿಯದೆ ಬಿಟ್ಟ ಚಹಾ

ಯಲ್ಲಾಪುರ
11-2-2024

ವೀರಪ್ಪಣ್ಣನವರಿಗೆ ಸಲಾಂ.

ಅಕ್ಷರ ನೋಡಿದರೆ ಯಾರದೆಂದು ನಿಮಗೆ ತಿಳಿಯಲಿಕ್ಕಿಲ್ಲ. ನಾನು ಅಮೀರುನ್ನಿಸಾ, ಲಾರಿ ಇಸಾಕ್ ಅವರ ಹೆಂಡತಿ. ಈಗ ಹೆದ್ದಾರಿಯ ಪಕ್ಕದ ಚಹಾದ ಹೋಟೆಲಿನವಳು ಎಂದರೂ ಆಯಿತು. ಹರಿದು ಬಿಸಾಡುವುದಿದ್ದರೆ ಒಮ್ಮೆ ಪೂರ್ತಿ ಓದಿ ಆಮೇಲೆ ಬಿಸಾಡಿ.

ಗಂಟಲಿನ ಆಪರೇಶನ್ ಆಗಿ ನಿಮ್ಮ ದನಿ ಹೋಗಿದೆ ಎಂದು ಮೊನ್ನೆ ಶಿರಸಿಯ ಡ್ರೈವರೊಬ್ಬರು ಹೇಳಿದರು. ಚಹಾ ಸೋಸುತ್ತಿದ್ದವಳ ಕೈ ಹಾಗೇ ನಿಂತಿತು. ನಿಮ್ಮ ದನಿ ನನಗೆ ಚೆನ್ನಾಗಿ ನೆನಪಿದೆ. ಇಪ್ಪತ್ತು ವರ್ಷದ ಹಿಂದೆ ಲಾರಿ ಸ್ಟ್ಯಾಂಡಿನಲ್ಲಿ ನಿಂತು ನಮ್ಮವರನ್ನು ಕಳ್ಳ ಎಂದು ಕೂಗಿದಿರಲ್ಲ, ಅದು ನಮ್ಮ ಹಿತ್ತಲವರೆಗೂ ಕೇಳಿಸಿತ್ತು. ಚುಚ್ಚುವುದಕ್ಕೆ ಬರೆದದ್ದಲ್ಲ. ಕೇಳಿಸಿದ್ದು ನಿಜ, ಅದಕ್ಕೇ ಬರೆದೆ.

ಅಂದಿನಿಂದ ಯಾರೂ ಅವರ ಲಾರಿಗೆ ಲೋಡು ಕೊಡಲಿಲ್ಲ. ಲಾರಿ ಮಾರಿ ಈ ಹೋಟೆಲು ಹಾಕಿದೆವು. ಅವರು ತೀರಿಕೊಂಡು ನಾಲ್ಕು ವರ್ಷವಾಗುತ್ತ ಬಂತು. ಕೊರೋನಾ ಕಾಲ, ಮಣ್ಣಿಗೆ ಬಂದವರೇ ಏಳು ಜನ. ಹಾಗಾಗಿ ನೀವು ಬರಲಿಲ್ಲ ಎಂದು ದೂರುವುದಕ್ಕೂ ನನಗೆ ಹಕ್ಕಿಲ್ಲ. ಈಗ ಮಗಳು ಮುಬಶ್ಶಿರಾ ಮತ್ತು ನಾನು ಹೋಟೆಲು ನಡೆಸುತ್ತಿದ್ದೇವೆ. ಬೆಳಗ್ಗೆ ಐದಕ್ಕೆ ಒಲೆ ಹಚ್ಚುತ್ತೇನೆ, ಸಂಜೆ ಏಳಕ್ಕೆ ಆರಿಸುತ್ತೇನೆ. ನಡುವೆ ಮೊಣಕಾಲು ಎರಡು ಸಲ ಕೈಕೊಡುತ್ತದೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಚಹಾಕ್ಕೆ ಡ್ರೈವರುಗಳು ‘ಐಸ್‌ಕ್ರೀಂ ಚಹಾ’ ಎನ್ನುತ್ತಾರೆ. ಅಂಕೋಲೆಯ ಘಟ್ಟ ಹತ್ತಿ ಬಂದವರು ಹುಬ್ಬಳ್ಳಿಯವರೆಗೆ ಬೇರೆಲ್ಲೂ ನಿಲ್ಲಿಸುವುದಿಲ್ಲ. ಚಹಾಪುಡಿಯ ಡಬ್ಬಿಯಲ್ಲಿ ವೆನಿಲ್ಲಾ ಕಾಯಿ ಹುಗಿದಿಡುತ್ತೇನೆ, ಅಷ್ಟೇ ಗುಟ್ಟು. ಎಂಟು ದಿನದಲ್ಲಿ ಪುಡಿಗೆ ವಾಸನೆ ಹಿಡಿಯುತ್ತದೆ. ಹಾಲು ಉಕ್ಕಿ ಬರುವಾಗ ಪುಡಿ ಹಾಕಿದರೆ ರಸ್ತೆಯ ಆಚೆ ಟಯರು ತಟ್ಟುವವನೂ ತಿರುಗಿ ನೋಡುತ್ತಾನೆ.

ಈಗ ಹದಿನೇಳು ಕಾಯಿ ಉಳಿದಿದೆ. ಮುಬಶ್ಶಿರಾ ಬೇಕರಿಗೆ ಹಾಕುವ ಎಸೆನ್ಸಿನ ಬಾಟಲಿ ತಂದಿಟ್ಟಿದ್ದಾಳೆ. ಒಂದು ವಾರ ನನಗೆ ಹೇಳದೆ ಅದನ್ನೇ ಹಾಕಿದ್ದಳು. ಆಮೇಲೆ, “ಅಮ್ಮಿ, ಒಬ್ರಿಗೂ ಫರಕು ಗೊತ್ತಾಗ್ಲಿಲ್ಲ ನೋಡು” ಅಂದಳು. ನನಗೆ ಸಿಟ್ಟು ಬರಲಿಲ್ಲ, ಸುಸ್ತಾಯಿತು.

ಹಸಿ ಕಾಯಿಯನ್ನು ಹದ ಮಾಡಿ ಪರಿಮಳ ಬರಿಸುವುದರಲ್ಲಿ ನಿಮ್ಮಂಥವರು ಮೂರು ತಾಲೂಕಿನಲ್ಲಿ ಇರಲಿಲ್ಲ ಎಂದು ನಮ್ಮವರು ಕೊನೆಯವರೆಗೂ ಹೇಳುತ್ತಿದ್ದರು. ಅದನ್ನು ಕಾಗದದಲ್ಲಿ ಬರೆದು ಕಲಿಸಲು ಬರುತ್ತದೆಯೇ? ಈ ಹದಿನೇಳು ಕಾಯಿ ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ಅದನ್ನು ಹೇಳುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ. ಇಷ್ಟು ಮಾತ್ರ ಹೇಳುತ್ತೇನೆ. ಅವರು ಕಳ್ಳರಲ್ಲ. ನೀವು ಬದುಕಿರುವಾಗಲೇ ಆ ಮಾತು ಹಿಂದಕ್ಕೆ ಹೋಗಬೇಕು, ನನಗೆ ಬೇಕಾದದ್ದು ಅದೇ.

ನಿಮ್ಮ ಆರೋಗ್ಯಕ್ಕೆ ದುವಾ ಮಾಡುವ
ಅಮೀರುನ್ನಿಸಾ


ಬನವಾಸಿ
2-3-2024

ಶ್ರೀಮತಿ ಅಮೀರುನ್ನಿಸಾ ಅವರಿಗೆ ವೀರಪ್ಪ ಬರೆಯುವುದು.

ಪತ್ರ ತಲುಪಿತು. ಪೂರ್ತಿ ಓದಿದ್ದೇನೆ, ಹರಿದಿಲ್ಲ.

ಇಸಾಕ್ ಹೋದ ಸುದ್ದಿ ನನಗೆ ಎಂಟು ತಿಂಗಳ ಮೇಲೆ ಗೊತ್ತಾಯಿತು. ಗೊತ್ತಾದ ದಿನ ಊಟ ಮಾಡಲಿಲ್ಲ. ಹಾಗಂತ ನಡೆದದ್ದೇನೂ ಅಳಿಸಿಹೋಗುವುದಿಲ್ಲ. ಒಂದು ಇಡೀ ಹಂಗಾಮು ಸಿದ್ದಾಪುರದ ತೋಟ ತೋಟ ಸುತ್ತಿ ಕಾಯಿ ಆರಿಸಿ ತಂದು, ಶಿರಸಿಯ ಬಾಡಿಗೆ ಮನೆಯಲ್ಲಿ ಬಿಸಿನೀರಿಗೆ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಾ ಬಿಸಿಲಿಗೆ ಹರಡಿ, ದಿನಾ ಒಳಗೆ ತಂದು, ನಾಲ್ಕು ತಿಂಗಳು ಕೂಸಿನ ಹಾಗೆ ನೋಡಿಕೊಂಡ ಪೆಟ್ಟಿಗೆ ಅದು. ಮುಚ್ಚಳ ಹಾಕಿ ಕೆಲವು ತಿಂಗಳು ತೆರೆಯದೆ ಇಟ್ಟು, ನಂಬಿಕೆಯಿಂದ ಅವನ ಲಾರಿಯಲ್ಲಿ ಕೊಚ್ಚಿಗೆ ಕಳಿಸಿದೆ. ವಾಪಸು ಬಂದು, “ಊಟಕ್ಕೆ ನಿಲ್ಲಿಸಿದಾಗ ಯಾರೋ ಪೆಟ್ಟಿಗೆ ಹೊಡ್ಕೊಂಡು ಹೋದ್ರು ವೀರಪ್ಪ” ಅಂದ. ತುಂಬಿದ ಲಾರಿಯಲ್ಲಿ ಬೇರೆ ಯಾವ ಮಾಲೂ ಮುಟ್ಟದೆ ಒಂದು ಪೆಟ್ಟಿಗೆ ಮಾತ್ರ ಹೊಡೆಯುವ ಕಳ್ಳ ಯಾವನು?

ಆದರೂ 2006ರಲ್ಲಿ ನೆಂಟರ ಜೊತೆ ಮಾಗೋಡು ಜಲಪಾತಕ್ಕೆ ಹೋಗಿ ಬರುವಾಗ ರಾಜಿಯಾಗೋಣವೆಂದೇ ನಿಮ್ಮ ಹೋಟೆಲಿಗೆ ಬಂದಿದ್ದೆ. ಅವನು ದುಡ್ಡಿನ ಗಲ್ಲೆಯಲ್ಲಿದ್ದ. ನೀವೇ ಲೋಟ ತಂದಿಟ್ಟಿರಿ. ಮೂಗಿನ ಹತ್ತಿರ ತಂದ ಕೂಡಲೇ ನನ್ನ ಕಾಯಿಯೆಂದು ಗೊತ್ತಾಯಿತು. ನನ್ನ ಕಂಬಳಿಯ ವಾಸನೆ, ನನ್ನ ಬಿಸಿಲಿನ ವಾಸನೆ. ಒಂದು ಗುಟುಕೂ ಕುಡಿಯದೆ ಲೋಟ ಕೆಳಗಿಟ್ಟು ಎದ್ದೆ. ಅವನು ನೋಡಿದ. ತಡೆಯಲಿಲ್ಲ.

ಇನ್ನೂ ಪುರಾವೆ ಬೇಕಿದ್ದರೆ ಕಾಯಿಯ ತೊಟ್ಟಿನ ಹತ್ತಿರ ನೋಡಿ. ಆ ವರ್ಷ ತೋಟಗಳಲ್ಲಿ ಕದಿಯುವವರು ಜಾಸ್ತಿ ಎಂದು ಮುಂಗಡ ಕೊಟ್ಟ ಕಾಯಿಗೆ ಬಳ್ಳಿಯ ಮೇಲಿರುವಾಗಲೇ ಗುಂಡುಪಿನ್ನಿನಿಂದ ಗುರುತು ಚುಚ್ಚುತ್ತಿದ್ದೆವು. ಕಾಯಿ ಕಪ್ಪಾಗಿ ಒಣಗಿದರೂ ಗಾಯದ ಕಲೆ ಹೋಗುವುದಿಲ್ಲ. ನನ್ನದು ಬಿಲ್ವಪತ್ರೆ. ಮೂರು ಚುಕ್ಕಿ ಮೇಲೆ, ಒಂದು ಕೆಳಗೆ. ಅದು ಇದ್ದರೆ ಮತ್ತೆ ನನಗೆ ಬರೆಯಬೇಡಿ.

ಹದ ಮಾಡುವುದು ಕಾಗದದಲ್ಲಿ ಕಲಿಸುವ ವಿದ್ಯೆಯಲ್ಲ. ಉಳಿದ ಕಾಯಿಗಳನ್ನು ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಸತ್ತುಹೋಗುತ್ತವೆ. ಗಾಜಿನ ಬಾಟಲಿಯಲ್ಲಿ ಹಾಕಿ ಕತ್ತಲಲ್ಲಿಡಿ.

ವೀರಪ್ಪ


ಯಲ್ಲಾಪುರ
25-3-2024

ವೀರಪ್ಪಣ್ಣಾ,

ನಾಲ್ಕು ಚುಕ್ಕಿ ಇದೆ. ಉಳಿದ ಅಷ್ಟೂ ಕಾಯಿಯಲ್ಲಿ ಇದೆ. ಬರೆಯಬೇಡಿ ಎಂದಿದ್ದೀರಿ, ಬರೆಯುತ್ತಿದ್ದೇನೆ. ಇಪ್ಪತ್ತು ವರ್ಷ ದಿನಾ ಕೈಯಲ್ಲಿ ಹಿಡಿದ ಕಾಯಿಯ ಮೇಲೆ ಗುರುತು ಇದೆಯೆಂದು ನನಗೆ ಕಂಡೇ ಇರಲಿಲ್ಲ. ಕನ್ನಡಕ ಹಾಕಿಕೊಂಡು, ಬೆರಳಿನಿಂದ ಸವರಿ ನೋಡಿದೆ.

ನಾನೂ ಒಂದು ಒಪ್ಪಿಕೊಳ್ಳುತ್ತೇನೆ. ನೀವು ಬಿಟ್ಟು ಹೋದ ಆ ಲೋಟ ನನಗೆ ನೆನಪಿದೆ. ಅದನ್ನು ತೊಳೆಯಲು ಒಯ್ದಾಗ ನಮ್ಮವರು ನನ್ನ ಕೈಯಿಂದ ತೆಗೆದುಕೊಂಡು, ಆರಿದ ಚಹಾವನ್ನು ತಾವೇ ಕುಡಿದರು. ಆಮೇಲೆ ಎರಡು ದಿನ ಗಿರಾಕಿಗಳ ಜೊತೆಗೂ ಮಾತಾಡಲಿಲ್ಲ.

ಈಗ ರಂಜಾನ್ ನಡೆಯುತ್ತಿದೆ. ಹಗಲಿಗೆ ಹೋಟೆಲಿನ ಮುಂದೆ ಪರದೆ ಇಳಿಬಿಟ್ಟು ಡ್ರೈವರುಗಳಿಗೆ ಚಹಾ ಕೊಡುತ್ತೇವೆ. ಬಾಯಿಗೆ ಉಪವಾಸ, ಮೂಗಿಗೆ ಇಲ್ಲ. ಇಡೀ ದಿನ ಆ ವಾಸನೆಯಲ್ಲಿ ನಿಂತು ಒಂದು ಗುಟುಕೂ ಕುಡಿಯದೆ ಚಹಾ ಮಾಡುವುದು ಏನೆಂದು ನಿಮಗೆ ಹೇಗೆ ಹೇಳಲಿ. ಸಂಜೆ ಖರ್ಜೂರ ಬಾಯಿಗಿಟ್ಟು ಮೊದಲ ಲೋಟ ಕುಡಿದಾಗ ಮೊದಲು ಬರುವುದು ಚಹಾದ ಒಗರು. ವೆನಿಲ್ಲಾ ಹಿಂದಿನಿಂದ ಮೆಲ್ಲಗೆ ಬರುತ್ತದೆ, ನುಂಗಿದ ಮೇಲೆ. ಸಕ್ಕರೆ ಕಡಿಮೆ ಹಾಕಿದರೂ ಸಿಹಿ ಅನಿಸುತ್ತದೆ. ಬಾಟಲಿಯದು ಹಾಗಲ್ಲ. ಅದು ಮೊದಲೇ ಬಂದು ಕೂಗಿ, ಲೋಟ ಅರ್ಧವಾಗುವಷ್ಟರಲ್ಲಿ ಹೋಗಿಬಿಡುತ್ತದೆ. ಗಿರಾಕಿಗಳಿಗೆ ಗೊತ್ತಾಗದಿದ್ದರೆ ಬೇಡ, ನನಗೆ ಗೊತ್ತಾಗುತ್ತದೆ.

ಮುಬಶ್ಶಿರಾ ಕೇಳುತ್ತಾಳೆ, “ಮೆಸೇಜ್ ಹಾಕ್ಬಾರ್ದಾ ಅಮ್ಮಿ, ಈಗ ಯಾರು ಕಾಗದ ಬರೀತಾರೆ?” ಇಪ್ಪತ್ತು ವರ್ಷದ ಮಾತು ಅಷ್ಟು ಚಿಕ್ಕ ಜಾಗದಲ್ಲಿ ಹಿಡಿಸುವುದಿಲ್ಲ ಎಂದೆ. ಈ ಕಾಗದದಲ್ಲೂ ಹಿಡಿಸಲಿಲ್ಲ. ಕೊಟ್ಟ ಮಾತು ಅಡ್ಡ ನಿಂತಿದೆ. ಸತ್ತವರಿಗೆ ಕೊಟ್ಟದ್ದನ್ನು ಯಾರ ಹತ್ತಿರ ವಾಪಸು ಕೇಳುವುದು?

ಅಮೀರುನ್ನಿಸಾ


ಬನವಾಸಿ
22-4-2024

ತಂಗಿ ಅಮೀರುನ್ನಿಸಾಗೆ ಶರಣು.

ಚುಕ್ಕಿ ಇದೆ ಎಂದು ಬರೆದಿರಲ್ಲ. ಇಲ್ಲ ಎಂದು ಬರೆದು ಸುಮ್ಮನಾಗಬಹುದಿತ್ತು, ನಾನು ಬಂದು ನೋಡುವ ಹಾಗಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೂಗಿಗೆ ಉಪವಾಸವಿಲ್ಲ ಎಂದಿರಿ. ನನಗೆ ಈಗ ಮೂಗಿಗೇ ಉಪವಾಸ. ಆಪರೇಶನ್ನಿನಲ್ಲಿ ಗಂಟಲಿನ ದನಿಪೆಟ್ಟಿಗೆ ತೆಗೆದು ಕುತ್ತಿಗೆಯಲ್ಲಿ ತೂತು ಮಾಡಿದ್ದಾರೆ, ಉಸಿರು ಅಲ್ಲಿಂದಲೇ ಬಂದು ಅಲ್ಲಿಂದಲೇ ಹೋಗುತ್ತದೆ. ಮೂಗಿಗೆ ಗಾಳಿ ಹಾಯುವುದಿಲ್ಲ. ದನಿ ಹೋಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ವಾಸನೆಯೂ ಹೋಗುತ್ತದೆ ಎಂದು ಹೇಳಿದ್ದರೋ ಏನೋ, ನಾನು ಕೇಳಿಸಿಕೊಂಡಿರಲಿಲ್ಲ. ಮನೆಗೆ ಬಂದ ವಾರ ಅಡುಗೆಮನೆಯ ಬಾಗಿಲಲ್ಲೇ ಪೇಪರ್ ಓದುತ್ತ ಕೂತಿದ್ದೆ. ನಮ್ಮ ಮನೆಯವಳು ಗುರುಶಾಂತವ್ವ ಹಿತ್ತಲಿಂದ ಓಡಿ ಬಂದಳು. “ಹಾಲು ಹೊತ್ತಿ ಕರ್ರಗಾಗೇತಿ, ಇಲ್ಲೇ ಕುಂತೀರಲ್ಲರೀ, ಮೂಗು ಎಲ್ಲಿ ಇಟ್ಟೀರಿ?” ಎಂದವಳು ಆಮೇಲೆ ತಾನೇ ಬಾಯಿಗೆ ಸೆರಗು ಒತ್ತಿಕೊಂಡಳು. ಕಾಯಿ ಮೂಸಿ ಇದು ಯಾವ ತೋಟದ್ದು ಎಂದು ಹೇಳುತ್ತಿದ್ದವನು ನಾನು. ಎಲೆಯಡಿಕೆಯ ಜೊತೆ ತಂಬಾಕು ಹಾಕಿದ್ದು ನನ್ನದೇ ಬಾಯಿ, ಯಾರನ್ನೂ ಬೈಯುವ ಹಾಗಿಲ್ಲ. ನಿಜ ಹೇಳಬೇಕೆಂದರೆ ಬದುಕಿನ ಮೇಲೆ ಬೇಸರ ಬಂದಿದೆ.

ನಿಮ್ಮ ಪತ್ರ ಬಂದ ಮೇಲೆ ಕೈ ಸುಮ್ಮನಿರಲಿಲ್ಲ. ಬಸ್ಸು ಹತ್ತಿ ಸಿದ್ದಾಪುರದ ಹೇರೂರಿಗೆ ಹೋಗಿ ಬಂದೆ. ಹಿಂದೆ ನಾನು ಕಾಯಿ ಕೊಳ್ಳುತ್ತಿದ್ದ ತೋಟವನ್ನು ಈಗ ಆ ಮನೆಯ ಸೊಸೆ ಗೀತಾ ನೋಡಿಕೊಳ್ಳುತ್ತಾಳೆ. ವೆನಿಲ್ಲಾ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ನಕ್ಕಳು. “ಬಳ್ಳಿ ಇದ್ದು, ಹೂವೂ ಬಿಡ್ತು. ಮುಟ್ಟೋರು ಯಾರೂ ಇಲ್ಲೆ. ಯಂಗೆ ಅದ್ರ ಬುಡಕ್ಕೆ ಬಪ್ಲೆ ಪುರ್ಸೊತ್ತಿಲ್ಲೆ” ಎಂದಳು. ಹೂವು ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಮನುಷ್ಯರ ಕೈ ಮುಟ್ಟಿ ಪರಾಗ ದಾಟಿಸಿದರೆ ಕಾಯಿ, ಇಲ್ಲದಿದ್ದರೆ ನೆಲಕ್ಕೆ. ಬಿದಿರಿನ ಕಡ್ಡಿ ಚೂಪು ಮಾಡಿಕೊಂಡು ಕೂತೆ. ಒಂದು ಕಾಲದಲ್ಲಿ ಒಂದೇ ಬೆಳಗಿನಲ್ಲಿ ಸಾವಿರ ಹೂ ಮುಟ್ಟಿದವನಿಗೆ ಮಧ್ಯಾಹ್ನದವರೆಗೆ ನಾಲ್ಕೇ ಹೂ ಮುಟ್ಟಲು ಆಯಿತು.

ಇನ್ನು ನೇರವಾಗಿ ಕೇಳುತ್ತೇನೆ. ನನ್ನ ಪೆಟ್ಟಿಗೆ ನಿಮ್ಮ ಮನೆಗೆ ಹೇಗೆ ಬಂತು? ನಾನು ಇನ್ನೆಷ್ಟು ದಿನ ಇರುತ್ತೇನೋ ಗೊತ್ತಿಲ್ಲ. ಸಿಟ್ಟು ಇಟ್ಟುಕೊಳ್ಳುವ ಶಕ್ತಿಯೂ ಮುಗಿದಿದೆ. ಕದ್ದಿದ್ದರೆ ಕದ್ದ ಎನ್ನಿ, ಸಾಕು.

ವೀರಪ್ಪ


ಯಲ್ಲಾಪುರ
9-7-2024

ವೀರಪ್ಪಣ್ಣನವರಿಗೆ,

ಎರಡೂವರೆ ತಿಂಗಳು ಉತ್ತರ ಬರೆಯಲಿಲ್ಲ. ಮೂರು ಸಲ ಬರೆದು ಒಲೆಗೆ ಹಾಕಿದೆ. ನಿನ್ನೆ ಮುಬಶ್ಶಿರಾಳಿಗೆ ಎಲ್ಲ ಹೇಳಿದೆ. ಅವಳು, “ಅಬ್ಬಾ ನಿನ್ನತ್ರ ಮಾತು ತಗೊಂಡಿದ್ದು ವೀರಪ್ಪನವ್ರ ಮನಸು ನೋಯಬಾರ್ದು ಅಂತ. ಈಗ ಹೇಳದೆ ಇದ್ರೇನೇ ಅವ್ರಿಗೆ ನೋವು” ಅಂದಳು. ನನ್ನ ಬುದ್ಧಿಗೆ ಇಷ್ಟು ಹೊಳೆದಿರಲಿಲ್ಲ. ಆದರೂ ಮನಸ್ಸು ಹಗುರಾಗಿಲ್ಲ. ಕೂತು ಓದಿ.

ಯಾರೂ ಪೆಟ್ಟಿಗೆ ಹೊಡೆಯಲಿಲ್ಲ. ಇವರು ಕೊಚ್ಚಿಗೆ ತಲುಪಿದರು. ನೀವು ಹೇಳಿದ ವ್ಯಾಪಾರಿಯ ಗೋದಾಮಿನ ಮುಂದೆ ಮೂರು ದಿನ ಕಾಯಿಸಿದರಂತೆ. ನಾಲ್ಕನೆಯ ದಿನ ಅಲ್ಲಿಯ ಗುಮಾಸ್ತ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ, “ಪೂರ್ತಿ ಬೂಷ್ಟು ಹಿಡಿದಿದೆ, ತಗೊಂಡು ಹೋಗು” ಅಂದನಂತೆ. ಇವರೂ ಬಗ್ಗಿ ನೋಡಿದರು. ಕಾಯಿಯ ಮೇಲೆಲ್ಲ ಬೆಳ್ಳಗೆ ಕೂತಿತ್ತು.

ಪೆಟ್ಟಿಗೆ ಇಳಿಸಿ ನಡುಮನೆಯಲ್ಲಿಟ್ಟು ನನ್ನ ಎದುರು ಕೂತು ಇವರು ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. “ವೀರಪ್ಪನ ಕೈ ಸೋತಿದೆ ಅಮೀರಾ. ನಾಲ್ಕು ತಿಂಗಳು ನಿದ್ದೆಗೆಟ್ಟು ಮಾಡಿದ್ದು ಬೂಷ್ಟಾಗಿದೆ. ಹೋಗಿ ಇದನ್ನ ಅವನ ಮುಂದೆ ಇಟ್ರೆ ಅವನು ಇನ್ನು ಕಾಯಿ ಮುಟ್ಟೂದಿಲ್ಲ. ಕಳುವಾಯ್ತು ಅಂದ್ರೆ ಕಳ್ಳನ್ನ ಬೈಕೊಂಡಿರ್ತಾನೆ, ತನ್ನ ಬೈಕೊಳ್ಳೂದಿಲ್ಲ.” ಆ ಕಳ್ಳ ತಾವೇ ಆಗುತ್ತೇವೆ ಎಂದು ಇವರಿಗೆ ಹೊಳೆಯಲಿಲ್ಲ. ಆದ ಮೇಲೆ ಹಿಂದೆ ತೆಗೆಯಲೂ ಆಗಲಿಲ್ಲ. ನೀವು ಸ್ಟ್ಯಾಂಡಿನಲ್ಲಿ ಕೂಗಿದ ದಿನ, ಹೋಗಿ ನಿಜ ಹೇಳಿ ಬನ್ನಿ ಎಂದು ನಾನು ಕಾಲು ಹಿಡಿದೆ. “ಕೂಗ್ಲಿ ಬಿಡು, ಕೂಗಿ ಹಗುರಾಗ್ತಾನೆ” ಅಂದರು.

ಕಾಯಿ ಎಸೆಯಲು ಮನಸ್ಸಾಗಲಿಲ್ಲ. ಹೋಟೆಲು ಹಾಕಿದ ವರ್ಷ ಪೆಟ್ಟಿಗೆಯನ್ನು ಚಹಾಪುಡಿಯ ಚೀಲದ ಮೇಲೆ ಇಟ್ಟಿದ್ದೆ, ಒಂದು ಮಳೆಗಾಲ ಪೂರ್ತಿ. ಪುಡಿಗೆ ವಾಸನೆ ಹಿಡಿಯಿತು. ಮೊದಲ ದಿನ ಒಬ್ಬ ಡ್ರೈವರ್, “ಲೋಟದ ಸೋಪು ಹೋಗೋ ಹಾಗೆ ತೊಳೀಲಿಲ್ವಾ?” ಎಂದು ಜಗಳ ತೆಗೆದ. ಎರಡನೆಯವನು ಇನ್ನೊಂದು ಲೋಟ ಕೇಳಿದ. ಮೂರನೆಯವನು ಐಸ್‌ಕ್ರೀಂ ಎಂದು ಹೆಸರಿಟ್ಟ. ಅಂಕೋಲೆಯಿಂದ ಹುಬ್ಬಳ್ಳಿಯವರೆಗೆ ಹೆಸರಾದ ಚಹಾ ಹುಟ್ಟಿದ್ದು ಹೀಗೆ, ನಿಮ್ಮ ಕೆಟ್ಟ ಪೆಟ್ಟಿಗೆಯಿಂದ. ಕೆಟ್ಟದ್ದು ಎಂದು ಬರೆಯಲು ನೋವಾಗುತ್ತಿದೆ. ಕ್ಷಮಿಸಿ.

ಅವರು ಕದಿಯಲಿಲ್ಲ ಅಣ್ಣಾ. ಇಷ್ಟೇ.

ಅಮೀರುನ್ನಿಸಾ


ಬನವಾಸಿ
15-7-2024

ತಂಗೀ,

ಬೂಷ್ಟು ಹೇಗಿತ್ತು? ಹತ್ತಿಯ ಹಾಗೆ ಮಂಕಾಗಿತ್ತೋ, ಸೂಜಿಯ ಹಾಗೆ ನೆಟ್ಟಗಿತ್ತೋ? ಬಿಸಿಲಿಗೆ ಹಿಡಿದರೆ ಹೊಳೆಯುತ್ತಿತ್ತೇ? ಒರೆಸಿದ ಮೇಲೆ ಮತ್ತೆ ಬಂತೇ? ಬೆರಳಲ್ಲಿ ತಿಕ್ಕಿದರೆ ಏನಾಗುತ್ತಿತ್ತು? ಮುಗ್ಗಲು ವಾಸನೆ ಇತ್ತೇ?

ಈಗ ಉಳಿದ ಕಾಯಿಯ ಮೇಲೆ ಇದೆಯೇ? ಇದ್ದರೆ ಒರೆಸಬೇಡಿ. ಎರಡು ಕಾಯಿ ಬಾಟಲಿಯಲ್ಲಿ ಹಾಕಿ ರಿಜಿಸ್ಟರ್ ಮಾಡಿ ಕಳಿಸಿ. ಬೇರೆ ಏನನ್ನೂ ಈಗ ಬರೆಯಲಾರೆ.

ವೀರಪ್ಪ


ಯಲ್ಲಾಪುರ
24-7-2024

ವೀರಪ್ಪಣ್ಣನವರಿಗೆ,

ನಿಮ್ಮ ಕಾಗದ ನೋಡಿ ಗಾಬರಿಯಾಯಿತು. ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ.

ಹತ್ತಿಯ ಹಾಗಲ್ಲ. ಸಕ್ಕರೆ ಪುಡಿ ಉದುರಿಸಿದ ಹಾಗೆ, ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಸೂಜಿ. ಬಿಸಿಲಿಗೆ ಹೊಳೆಯುತ್ತಿತ್ತು. ಮುಬಶ್ಶಿರಾ ಚಿಕ್ಕವಳಿದ್ದಾಗ ಜರಿ ಎನ್ನುತ್ತಿದ್ದಳು. ತಿಕ್ಕಿದರೆ ಬೆರಳಲ್ಲೇ ಕರಗಿ ಸಂಜೆಯವರೆಗೆ ಕೈ ಘಮ್ ಎನ್ನುತ್ತಿತ್ತು. ಮುಗ್ಗಲು ವಾಸನೆ ಒಂದು ದಿನವೂ ಇರಲಿಲ್ಲ. ಬೂಷ್ಟಿಗೆ ಇಷ್ಟು ಒಳ್ಳೆಯ ವಾಸನೆ ಹೇಗೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಇವರು, “ವೀರಪ್ಪನ ಕೈಯಲ್ಲಿ ಕೆಟ್ಟಿದ್ದೂ ಹಾಗೇ ಇರ್ತದೆ” ಅಂದಿದ್ದರು.

ಮೊದಲ ವರ್ಷ ಜಗಲಿಯಲ್ಲಿ ಹಳೆಯ ಓಢಣಿ ಹಾಸಿಕೊಂಡು ಮೂರು ದಿನ ಕೂತು ಎಲ್ಲ ಕಾಯಿ ಒರೆಸಿದೆವು. ಮಳೆಗಾಲ ಕಳೆಯುವುದರೊಳಗೆ ಮತ್ತೆ ಬಂತು. ಇವರು ಇದ್ದಷ್ಟು ಕಾಲ ಪ್ರತಿ ವರ್ಷ ದೀಪಾವಳಿ ಹೊತ್ತಿಗೆ ನಾವಿಬ್ಬರೂ ಕೂತು ಒರೆಸುತ್ತಿದ್ದೆವು. ಹಟಮಾರಿ ಬೂಷ್ಟು ಎಂದು ಬೈಯುತ್ತಿದ್ದೆ. ಆ ಓಢಣಿಯನ್ನು ಮುಬಶ್ಶಿರಾ ಒಗೆಯಲು ಬಿಡುತ್ತಿರಲಿಲ್ಲ, ತಲೆಯ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು.

ಈಗ ಐದು ಉಳಿದಿವೆ. ಅವರು ಹೋದ ಮೇಲೆ ಒರೆಸುವುದಕ್ಕೆ ನನಗೆ ಮನಸ್ಸಾಗಿಲ್ಲ, ನಾಲ್ಕು ವರ್ಷದ್ದು ಹಾಗೇ ಇದೆ. ಎರಡನ್ನು ಹತ್ತಿಯಲ್ಲಿ ಸುತ್ತಿ ಬಾಟಲಿಗೆ ಹಾಕಿ ಕಳಿಸಿದ್ದೇನೆ. ಪೋಸ್ಟಿನಲ್ಲಿದ್ದ ಹುಡುಗಿ ಒಳಗೇನಿದೆ ಎಂದು ಕೇಳಿದಳು. ಚಹಾದ ಸಾಮಾನು ಎಂದೆ.

ಏನು ವಿಷಯವೆಂದು ಬೇಗ ಬರೆಯಿರಿ.

ಅಮೀರುನ್ನಿಸಾ


ಬನವಾಸಿ
12-9-2024

ತಂಗಿ ಅಮೀರಾ,

ಬಾಟಲಿ ಜುಲೈ ಕೊನೆಗೇ ತಲುಪಿತು. ಇಷ್ಟು ತಡಮಾಡಿದ್ದು ಮಳೆಯಿಂದಲ್ಲ, ಕಾಯಿಲೆಯಿಂದಲೂ ಅಲ್ಲ. ಏನು ಬರೆಯಬೇಕೆಂದು ತೀರ್ಮಾನವಾಗಲಿಲ್ಲ. ನಿಜ ಬರೆದರೆ ನಿಮಗೆ ನೋವು, ಸುಳ್ಳು ಬರೆದರೆ ಇಸಾಕ್ ಮಾಡಿದ್ದನ್ನೇ ನಾನೂ ಮಾಡಿದ ಹಾಗೆ. ಸುಳ್ಳಿನಿಂದ ನಮ್ಮಿಬ್ಬರಿಗೆ ಏನಾಯಿತು ಎಂದು ನೋಡಿಯಾಗಿದೆ.

ಅದು ಬೂಷ್ಟಲ್ಲ.

ಮೊಮ್ಮಗಳು ಸ್ಫೂರ್ತಿಯ ಶಾಲೆಯ ಭೂತಗನ್ನಡಿ ತೆಗೆದುಕೊಂಡು ಕಿಟಕಿಯ ಬಿಸಿಲಿನಲ್ಲಿ ನೋಡಿದೆ. ಹರಳು. ಕಾಯಿಯ ಒಳಗಿನ ಪರಿಮಳವೇ ಹೊರಗೆ ಬಂದು ಹರಳುಗಟ್ಟಿದ್ದು. ಹೂವು ಮುಟ್ಟಿದ ದಿನದಿಂದ ಪೆಟ್ಟಿಗೆ ಮುಚ್ಚುವ ದಿನದವರೆಗೆ ಒಂದೂ ತಪ್ಪಾಗದಿದ್ದರೆ ಮಾತ್ರ ಬರುತ್ತದೆ. ಮುಚ್ಚಿದ ಪೆಟ್ಟಿಗೆಯ ಒಳಗೆ, ತಿಂಗಳುಗಟ್ಟಲೆ ಆದ ಮೇಲೆ ಬರುತ್ತದೆ. ನನಗೆ ಕಲಿಸಿದ ಕೇರಳದ ಮುದುಕ ಜೀವಮಾನದಲ್ಲಿ ಎರಡು ಸಲ ನೋಡಿದ್ದೇನೆ ಎಂದಿದ್ದ. ನಾನು ಒಂದು ಸಲವೂ ನೋಡಿಲ್ಲ ಎಂದುಕೊಂಡಿದ್ದೆ. ನನಗೂ ಒಂದು ಸಲ ಬಂದಿತ್ತು. ನಿಮ್ಮ ಜಗಲಿಯ ಮೇಲೆ ಇಪ್ಪತ್ತು ವರ್ಷ ಇತ್ತು.

ಗುಮಾಸ್ತನಿಗೆ ಗೊತ್ತಿರಲಿಲ್ಲವೋ, ಬೇಕೆಂದೇ ಹೇಳಿದನೋ. ಆ ತಿಂಗಳು ಬೆಲೆ ನೆಲಕ್ಕೆ ಬಿದ್ದಿತ್ತು, ಅವರಿಗೆ ಮಾಲು ವಾಪಸು ಕಳಿಸಲು ಒಂದು ನೆಪ ಬೇಕಿತ್ತು. ಈಗ ಯಾವುದಾದರೂ ಒಂದೇ. ಇಸಾಕ್ ನನ್ನ ಮುಂದೆ ಪೆಟ್ಟಿಗೆ ತಂದಿಟ್ಟು, “ಬೂಷ್ಟು ನೋಡು” ಎಂದು ಒಂದು ಮಾತು ಅಂದಿದ್ದರೆ ನಾನು ಕುಣಿದಾಡುತ್ತಿದ್ದೆ. ಊರಿಗೆಲ್ಲ ಸಕ್ಕರೆ ಹಂಚುತ್ತಿದ್ದೆ. ನನ್ನನ್ನು ಉಳಿಸುವುದಕ್ಕೆ ಹೋಗಿ ಅವನು ಮುಳುಗಿದ, ಸುಮ್ಮನೆ. ಇದನ್ನು ನಿಮಗೆ ತಿಳಿಸಲೇಬೇಕಿತ್ತೇ ಎಂದು ಒಂದೂವರೆ ತಿಂಗಳು ಒದ್ದಾಡಿದೆ.

ಕಾಯಿಯನ್ನು ಗುರುಶಾಂತವ್ವನ ಮೂಗಿಗೆ ಹಿಡಿದು ಸ್ಲೇಟಿನಲ್ಲಿ ‘ಹೇಗಿದೆ’ ಎಂದು ಬರೆದೆ. ಅವಳು ಬಹಳ ಹೊತ್ತು ಮೂಸಿದಳು. “ಶಿರಸ್ಯಾಗ ಮುಂಜಾನಿ ಕಂಬಳಿ ಬಿಚ್ಚಿದ ಕೂಡ್ಲೆ ಬರ್ತಿತ್ತಲ್ಲರೀ, ಅದ ವಾಸನಿ. ನಿಮಗ ಹೆಂಗ ಹೇಳ್ಲಿ ನಾನು” ಅಂದಳು. ಅಲ್ಲಿಂದ ಎದ್ದು ಒಳಗೆ ಹೋದಳು. ನಾನು ಅತ್ತೆ. ದನಿ ಇಲ್ಲದೆ ಅಳುವುದು ಬಹಳ ಕಷ್ಟ ತಂಗಿ.

ಹೇರೂರಿನ ನನ್ನ ನಾಲ್ಕು ಕಾಯಿಗಳೂ ಮಳೆಗೆ ಉದುರಿದವು ಎಂದು ಗೀತಾ ಹೇಳಿ ಕಳಿಸಿದ್ದಾಳೆ. ಇನ್ನು ಹದ ಮಾಡುವ ಮಾತು ಬೇಡ.

ಒಂದು ಕೆಲಸ ಮಾಡಿಕೊಡಿ. ಕಳ್ಳ ಎಂದು ನಾನು ಹೇಳಿದ್ದು ನಾಲ್ಕು ಗೋಡೆಯೊಳಗಲ್ಲ, ಸ್ಟ್ಯಾಂಡಿನಲ್ಲಿ, ಜನರ ಮುಂದೆ, ದನಿ ಎತ್ತಿ. ಹಿಂದಕ್ಕೆ ತೆಗೆದುಕೊಳ್ಳುವುದೂ ಹಾಗೇ ಆಗಬೇಕು. ಆದರೆ ನನ್ನ ಹತ್ತಿರ ದನಿ ಇಲ್ಲ. ಜೊತೆಗೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಬೆಳಗ್ಗೆ ಹತ್ತಕ್ಕೆ, ಬೆಂಚು ತುಂಬಿರುವಾಗ, ಮುಬಶ್ಶಿರಾ ಅದನ್ನು ಓದಲಿ. ಗಟ್ಟಿಯಾಗಿ ಓದಲಿ, ನಾನು ಆವತ್ತು ಎಷ್ಟು ಗಟ್ಟಿಯಾಗಿ ಕೂಗಿದ್ದೆನೋ ಅಷ್ಟು.

ನಿಮ್ಮ ಅಣ್ಣ
ವೀರಪ್ಪ


(ಜೊತೆಯ ಹಾಳೆ)

ಇಸಾಕ್ ಅವರ ಹೋಟೆಲಿನಲ್ಲಿ ಚಹಾ ಕುಡಿಯುತ್ತಿರುವ ಎಲ್ಲರಿಗೂ.

ನನ್ನ ಹೆಸರು ವೀರಪ್ಪ. ವೆನಿಲ್ಲಾ ಹದ ಮಾಡುವ ಕೆಲಸ ಮಾಡುತ್ತಿದ್ದೆ. ಇಪ್ಪತ್ತು ವರ್ಷದ ಹಿಂದೆ ಇದೇ ಊರಿನ ಲಾರಿ ಸ್ಟ್ಯಾಂಡಿನಲ್ಲಿ ಇಸಾಕ್‌ನನ್ನು ಕಳ್ಳ ಎಂದೆ. ಅದು ಸುಳ್ಳು. ಅವನು ನನ್ನದೇನನ್ನೂ ಕದ್ದಿಲ್ಲ. ನನ್ನ ಮನಸ್ಸು ನೋಯಬಾರದೆಂದು ತನ್ನ ಹೆಸರು ಕಳೆದುಕೊಂಡ, ಲಾರಿ ಕಳೆದುಕೊಂಡ, ಸಾಯುವವರೆಗೆ ಬಾಯಿ ಬಿಡಲಿಲ್ಲ. ನೀವು ಕುಡಿಯುತ್ತಿರುವ ಚಹಾದಲ್ಲಿ ಇರುವುದು ನನ್ನ ಕೈಯ ಕೆಲಸ, ಅವನ ಮನಸ್ಸು. ಅಂದು ಆ ಮಾತನ್ನು ಕೇಳಿದವರು ಯಾರಾದರೂ ಇಲ್ಲಿದ್ದರೆ ಇದನ್ನೂ ಕೇಳಿಸಿಕೊಳ್ಳಿ. ಕೇಳದವರು ಚಹಾ ಕುಡಿದು ಹೋಗಿ.

ವೀರಪ್ಪ, ಬನವಾಸಿ


ಯಲ್ಲಾಪುರ
3-10-2024

ವೀರಪ್ಪಣ್ಣಾ,

ನಿನ್ನೆ ಓದಿಸಿದೆ.

ಮೊದಲು ನನ್ನ ಮಾತು. ಬೂಷ್ಟಲ್ಲ ಎಂದು ತಿಳಿದ ದಿನ ನಾನು ನಮ್ಮವರ ಮೇಲೆ ಬಹಳ ಸಿಟ್ಟು ಮಾಡಿಕೊಂಡೆ. ಕಬರಸ್ತಾನಕ್ಕೆ ಹೆಂಗಸರು ಹೋಗುವುದಿಲ್ಲ, ಇಲ್ಲದಿದ್ದರೆ ಅಲ್ಲೇ ಹೋಗಿ ಜಗಳ ಆಡುತ್ತಿದ್ದೆ. ಅದಕ್ಕೆ ಜಗಲಿಯಲ್ಲಿ ಕೂತು ಬೈದೆ. ಒಂದು ಮಾತು ಕೇಳಿದ್ದರೆ ಏನು ಹೋಗುತ್ತಿತ್ತು ಇವರಿಗೆ? ಆಮೇಲೆ, ನೀವು ಕೇಳಿದಂದಿನಿಂದ ಮುಟ್ಟದೆ ಇಟ್ಟಿದ್ದ ಮೂರು ಕಾಯಿಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಚೆಂದ ಇತ್ತು ಅಣ್ಣಾ. ಅಷ್ಟು ವರ್ಷ ನಾವಿಬ್ಬರೂ ಎದುರು ಬದುರು ಕೂತು ಒರೆಸಿದ್ದೂ ಚೆಂದವೇ ಇತ್ತು. ಬೂಷ್ಟಲ್ಲ ಎಂದು ಗೊತ್ತಿದ್ದರೆ ಹಾಗೆ ಕೂರುತ್ತಲೂ ಇರಲಿಲ್ಲ.

ಓದಿದ್ದು ಹೇಗಾಯಿತು ಎಂದು ಕೇಳುತ್ತೀರಿ. ನಿಜ ಬರೆಯುತ್ತೇನೆ. ಬೆಂಚಿನ ಮೇಲೆ ಇಪ್ಪತ್ತು ಜನ ಇದ್ದರು. ಮುಬಶ್ಶಿರಾ ಗಲ್ಲೆಯ ಮುಂದೆ ನಿಂತು ಗಟ್ಟಿಯಾಗಿಯೇ ಓದಿದಳು. ಹೆಚ್ಚಿನವರು ಹೊಸ ಹುಡುಗರು. ಇಸಾಕ್ ಯಾರೆಂದೇ ಅವರಿಗೆ ಗೊತ್ತಿಲ್ಲ. ಒಬ್ಬ ಮೊಬೈಲಿನಿಂದ ತಲೆ ಎತ್ತಲಿಲ್ಲ. ಇನ್ನೊಬ್ಬ, “ಏನಿದು, ಲಾಟರಿಯಾ?” ಎಂದು ಪಕ್ಕದವನನ್ನು ಕೇಳಿದ.

ಮೂಲೆಯ ಬೆಂಚಿನಲ್ಲಿ ಕೆರಿಯ ಕೂತಿದ್ದ. ಸ್ಟ್ಯಾಂಡಿನಲ್ಲಿ ಲೋಡು ಇಳಿಸುತ್ತಿದ್ದವನು, ಈಗ ಬೆನ್ನು ಬಾಗಿದೆ. ಓದಿ ಮುಗಿಯುವುದರೊಳಗೆ ಲೋಟ ಕೆಳಗಿಟ್ಟು ಎದ್ದು ನಿಂತ. “ಆವತ್ತು ನಾನಿದ್ದೆ ಅಮ್ಮಾ. ನಾನೂ ಅವರನ್ನ ಕಳ್ಳ ಅಂತ್ಲೇ ತಿಳ್ಕೊಂಡಿದ್ದೆ” ಅಂದ. ಎಲ್ಲರೂ ಅವನನ್ನು ನೋಡಿದರು. ಟವೆಲ್ಲಿನಿಂದ ಮುಖ ಒರೆಸಿಕೊಂಡು ಮತ್ತೆ ಕೂತು ಚಹಾ ಕುಡಿದ. ಇಪ್ಪತ್ತು ವರ್ಷಕ್ಕೆ ಒಬ್ಬ ಸಿಕ್ಕಿದ. ನನಗೆ ಸಾಕಾಯಿತು.

ನಿನ್ನೆಯ ಚಹಾಕ್ಕೆ ಉಳಿದ ಮೂರೂ ಕಾಯಿಗಳನ್ನು ಸೀಳಿ ಹಾಲಿಗೇ ಹಾಕಿಬಿಟ್ಟೆ, ಒರೆಸದೆ, ಹರಳಿನ ಸಮೇತ. ಅಂಥ ಚಹಾ ಈ ರಸ್ತೆಯಲ್ಲಿ ಹಿಂದೆ ಯಾರೂ ಮಾಡಿರಲಿಲ್ಲ, ಮುಂದೆ ಯಾರೂ ಮಾಡುವುದಿಲ್ಲ. ಮುಬಶ್ಶಿರಾ ಒಂದು ಗುಟುಕು ಕುಡಿದು ನನ್ನ ಮುಖ ನೋಡಿದಳು. ಎಸೆನ್ಸಿನ ಬಾಟಲಿಯನ್ನು ತಾನೇ ತೆಗೆದುಕೊಂಡು ಹೋಗಿ ಬೇಕರಿಯವನಿಗೆ ಕೊಟ್ಟು ಬಂದಳು. ಇವತ್ತಿನಿಂದ ನಮ್ಮದು ಎಲ್ಲರ ಹಾಗೆ ಹಾಲು, ಸಕ್ಕರೆ, ಪುಡಿ.

ನಿಮ್ಮಿಂದ ನನಗೆ ಇನ್ನೊಂದೇ ಬೇಕು. ಅತ್ತಿಗೆಯನ್ನು ಕರೆದುಕೊಂಡು ಒಮ್ಮೆ ಬನ್ನಿ. ಶಿರಸಿಯಿಂದ ಬಸ್ಸು ಬಂದು ನಮ್ಮ ಬಾಗಿಲಲ್ಲೇ ನಿಲ್ಲುತ್ತದೆ. 2006ರಲ್ಲಿ ಕೂತ ಬೆಂಚು ಹಾಗೇ ಇದೆ, ಒಂದು ಕಾಲಿಗೆ ಮಾತ್ರ ಇಟ್ಟಿಗೆ ಕೊಟ್ಟಿದ್ದೇವೆ. ನಿಮಗೆ ವಾಸನೆ ತಿಳಿಯುವುದಿಲ್ಲ, ನನ್ನ ಹತ್ತಿರ ಕಾಯಿ ಉಳಿದಿಲ್ಲ. ಇಬ್ಬರಿಗೂ ಸರಿಹೋಯಿತು. ಬರೀ ಚಹಾ ಮಾಡಿಕೊಡುತ್ತೇನೆ, ಈ ಸಲ ಪೂರ್ತಿ ಕುಡಿದು ಹೋಗಿ.

ಲೋಟ ತೊಳೆದಿಟ್ಟುಕೊಂಡಿರುವ
ನಿಮ್ಮ ತಂಗಿ
ಅಮೀರುನ್ನಿಸಾ